ಕೇಳುಗರ ಕೈಯಲ್ಲಿ ಪುಸ್ತಕವಿಲ್ಲ: ಬಾನುಲಿಯಲ್ಲಿ ಹೊಸ ಪುಸ್ತಕಗಳ ಕಾರ್ಯಕ್ರಮ ಮಾಡಿದ ನನ್ನ ಅನುಭವ

ನಾನು ಬಾನುಲಿಯಲ್ಲಿ ಹೊಸ ಪುಸ್ತಕಗಳ ಕಾರ್ಯಕ್ರಮದ ಹೊಣೆ ಹೊತ್ತುಕೊಂಡ ಎರಡನೆಯ ತಿಂಗಳಲ್ಲಿ ಒಂದು ಅಂಚೆ ಕಾರ್ಡು ಬಂತು. ಬರೆದವರು ಸಣ್ಣ ಊರೊಂದರ ದರ್ಜಿ. ‘ತಮ್ಮ ಕಾರ್ಯಕ್ರಮ ಕೇಳಿದೆ. ಚೆನ್ನಾಗಿತ್ತು. ಆ ಪುಸ್ತಕದ ಹೆಸರೇನು?’ ಎಂಬ ಮೂರೇ ವಾಕ್ಯಗಳು ಅದರಲ್ಲಿದ್ದವು. ಹದಿನೈದು ನಿಮಿಷದ ಆ ಕಾರ್ಯಕ್ರಮದಲ್ಲಿ ಕಾಲೇಜು ಅಧ್ಯಾಪಕರೊಬ್ಬರು ಒಂದು ಕಾದಂಬರಿಯ ಆಶಯ, ತಂತ್ರ, ಭಾಷೆ, ಪಾತ್ರಸೃಷ್ಟಿಗಳ ಬಗ್ಗೆ ತಾವು ಬರೆದುಕೊಂಡು ಬಂದಿದ್ದನ್ನು ಓದಿದ್ದರು. ಕಾದಂಬರಿಯ ಹೆಸರು ಮೊದಲ ನಿಮಿಷದಲ್ಲಿ ಒಮ್ಮೆ ಬಂದು ಹೋಗಿತ್ತು. ಅಲ್ಲಿಂದ ಮುಂದೆ ಅದು ‘ಪ್ರಸ್ತುತ ಕೃತಿ’ಯಾಗಿ ಉಳಿದಿತ್ತು. ದರ್ಜಿ ಎರಡನೆಯ ನಿಮಿಷದಲ್ಲಿ ರೇಡಿಯೋ ಹಾಕಿದ್ದಿರಬೇಕು. ಹದಿಮೂರು ನಿಮಿಷ ಕಿವಿಗೊಟ್ಟು ಕೇಳಿದ ಮೇಲೂ ತಾವು ಕೇಳಿದ್ದು ಯಾವ ಪುಸ್ತಕದ ಬಗ್ಗೆ ಎಂಬುದು ಅವರಿಗೆ ತಿಳಿಯಲಿಲ್ಲ.

ಆ ಕಾರ್ಡನ್ನು ನಾನು ಬಹಳ ಕಾಲ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ಪತ್ರಿಕೆಯಲ್ಲಿ ವಿಮರ್ಶೆ ಓದುವವನು ಹೆಸರು ಮರೆತರೆ ಕಣ್ಣನ್ನು ಮೇಲಕ್ಕೆ ಹಾಯಿಸುತ್ತಾನೆ, ಅಲ್ಲಿ ಮುಖಪುಟದ ಚಿತ್ರವಿರುತ್ತದೆ, ಬೆಲೆ, ಪುಟ, ಪ್ರಕಾಶಕರ ವಿಳಾಸ ಎಲ್ಲವೂ ಇರುತ್ತವೆ. ಬಾನುಲಿ ಕೇಳುವವನಿಗೆ ಮೇಲಕ್ಕೆ ಹಾಯಿಸಲು ಏನೂ ಇಲ್ಲ. ಅವನ ಕೈಯಲ್ಲಿ ಪುಸ್ತಕವೂ ಇಲ್ಲ, ವಿಮರ್ಶೆಯೂ ಇಲ್ಲ, ಬಹುಪಾಲು ಬೇರೆ ಏನೋ ಕೆಲಸ ಇರುತ್ತದೆ. ಇಷ್ಟು ಸರಳವಾದ ಸಂಗತಿಯನ್ನು ಅರಿತುಕೊಳ್ಳಲು ನನಗೆ ಒಂದು ಅಂಚೆ ಕಾರ್ಡು ಬೇಕಾಯಿತು ಎಂಬುದು ನಾಚಿಕೆಯ ಮಾತೇ ಸರಿ. ಆದರೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಾನು ಆ ಕಾರ್ಯಕ್ರಮದಲ್ಲಿ ಮಾಡಿದ ಬದಲಾವಣೆಗಳೆಲ್ಲ ಅಲ್ಲಿಂದಲೇ ಹೊರಟವು.

ಹಳೆಯ ಕ್ರಮ ಹಾಗೇಕಿತ್ತು ಎಂಬುದಕ್ಕೂ ಕಾರಣವಿದೆ. ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದೇ ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು, ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಬಂದಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ನಿಲಯಗಳು ಬಂದವು. ಧಾರವಾಡ ನಿಲಯಕ್ಕೆ ಬೇಂದ್ರೆಯವರೇ ಸಾಹಿತ್ಯ ಸಲಹೆಗಾರರಾಗಿದ್ದರು. ಹೀಗೆ ಪ್ರಾಧ್ಯಾಪಕರು, ಕವಿಗಳು ಕಟ್ಟಿದ ಮಾಧ್ಯಮವಾದ್ದರಿಂದ ಸಾಹಿತ್ಯಕ್ಕೆ ಅಲ್ಲಿ ಎಂದೂ ಜಾಗದ ಕೊರತೆ ಇರಲಿಲ್ಲ. ಆದರೆ ಜೊತೆಗೆ ತರಗತಿಯ ಗಾಳಿಯೂ ಒಳಗೆ ಬಂದಿತ್ತು. ನಮ್ಮಲ್ಲಿ ಮಾತಿನ ಕಾರ್ಯಕ್ರಮಕ್ಕೆ ಬಳಕೆಯಲ್ಲಿದ್ದ ಹೆಸರೇ ‘ಭಾಷಣ’. ಭಾಷಣಕಾರರು ಮುಂಚಿತವಾಗಿ ಲಿಖಿತ ಪ್ರತಿ ಕೊಡಬೇಕು, ಅದನ್ನು ನಾವು ಓದಿ ಒಪ್ಪಬೇಕು, ಆಮೇಲೆ ಅವರು ಅದನ್ನು ಸ್ಟುಡಿಯೋದಲ್ಲಿ ಓದಬೇಕು. ಬರೆದದ್ದನ್ನು ಓದುವಾಗ ಎಂಥ ಮಾತುಗಾರನೂ ಬರಹಗಾರನಾಗಿಬಿಡುತ್ತಾನೆ.

ನಾನು ಮೊದಲು ಮಾಡಿದ ಕೆಲಸವೆಂದರೆ ಒಂದು ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಎರಡು ಪುಸ್ತಕಗಳನ್ನು ಒಂದಕ್ಕೆ ಇಳಿಸಿದ್ದು. ಹದಿನೈದು ನಿಮಿಷದ ಅವಧಿಯಲ್ಲಿ ಶೀರ್ಷಿಕೆ ಸಂಗೀತ, ಆರಂಭದ ಮತ್ತು ಕೊನೆಯ ಉದ್ಘೋಷಣೆಗಳು ಕಳೆದರೆ ಹದಿಮೂರೂವರೆ ನಿಮಿಷ ಉಳಿಯುತ್ತದೆ. ಅದರಲ್ಲಿ ಎರಡು ಪುಸ್ತಕ ಎಂದರೆ ಒಂದೊಂದಕ್ಕೆ ಆರೂಮುಕ್ಕಾಲು ನಿಮಿಷ. ಲೇಖಕರ ಪರಿಚಯ, ಹಿಂದಿನ ಕೃತಿಗಳ ಪಟ್ಟಿ, ‘ಅಲ್ಲಲ್ಲಿ ಮುದ್ರಣದೋಷಗಳಿವೆ’ ಎಂಬ ಸಾಂಪ್ರದಾಯಿಕ ಆಕ್ಷೇಪ ಇವು ಮುಗಿಯುವುದರೊಳಗೆ ಸಮಯವೂ ಮುಗಿಯುತ್ತಿತ್ತು. ಒಂದೇ ಪುಸ್ತಕ ಎಂದ ಕೂಡಲೇ ನಿಲಯದಲ್ಲಿ ಆತಂಕ ಹುಟ್ಟಿತು. ನಮ್ಮ ಕಪಾಟಿನಲ್ಲಿ ವಿಮರ್ಶೆಗೆಂದು ಬಂದ ಪುಸ್ತಕಗಳು ಎರಡೆರಡು ಪ್ರತಿಗಳಂತೆ ನೂರಾರು ಕುಳಿತಿದ್ದವು, ಅವುಗಳ ಲೇಖಕರು ಪ್ರತಿ ವಾರ ಫೋನ್ ಮಾಡುತ್ತಿದ್ದರು. ಅರ್ಧದಷ್ಟು ಮಂದಿಯನ್ನು ಬಿಟ್ಟುಬಿಡುತ್ತೀರಾ ಎಂಬುದು ಪ್ರಶ್ನೆ. ಬಿಟ್ಟುಬಿಟ್ಟೆ. ಕೆಲವರು ನನ್ನನ್ನು ಮಾತನಾಡಿಸುವುದನ್ನೂ ಬಿಟ್ಟರು.

ಪುಸ್ತಕವನ್ನು ಆರಿಸುವ ಕೆಲಸಕ್ಕಿಂತ ಮಾತನಾಡುವವರನ್ನು ಆರಿಸುವ ಕೆಲಸ ಕಷ್ಟದ್ದು. ಕನ್ನಡದಲ್ಲಿ ಪುಸ್ತಕವೊಂದು ಬರುವಾಗ ಒಬ್ಬರು ಮುನ್ನುಡಿ ಬರೆದಿರುತ್ತಾರೆ, ಇನ್ನೊಬ್ಬರು ಬೆನ್ನುಡಿ ಬರೆದಿರುತ್ತಾರೆ, ಬಿಡುಗಡೆ ಸಮಾರಂಭದಲ್ಲಿ ಮತ್ತಿಬ್ಬರು ಮಾತನಾಡಿರುತ್ತಾರೆ. ಈ ನಾಲ್ವರನ್ನೂ ನಾನು ಕರೆಯುತ್ತಿರಲಿಲ್ಲ. ಪುಸ್ತಕ ಬಂದ ತಕ್ಷಣ ಮೊದಲು ಅದರ ಬೆನ್ನು, ಆಮೇಲೆ ಮುನ್ನುಡಿಯ ಕೊನೆಯ ಸಹಿ, ಆಮೇಲೆ ಕೃತಜ್ಞತೆಯ ಪುಟ ನೋಡುವುದು ನನಗೆ ಚಾಳಿಯಾಗಿಹೋಯಿತು. ಕೃತಜ್ಞತೆಯ ಪುಟದಲ್ಲಿ ಯಾರು ಯಾರ ಹಸ್ತಪ್ರತಿ ತಿದ್ದಿದರು, ಯಾರು ಯಾರ ಗುರುಗಳು ಎಂಬುದೆಲ್ಲ ತಿಳಿಯುತ್ತದೆ. ಇಷ್ಟೆಲ್ಲ ಜಾಗ್ರತೆ ಮಾಡಿದರೂ ಜಿಲ್ಲಾ ಕೇಂದ್ರವೊಂದರಲ್ಲಿ ಸಂಬಂಧವೇ ಇಲ್ಲದ ಓದುಗನನ್ನು ಹುಡುಕುವುದು ಸುಲಭವಲ್ಲ. ಹೀಗಾಗಿ ನಾನು ನಿಧಾನವಾಗಿ ಸಾಹಿತ್ಯದ ವೃತ್ತದಿಂದ ಹೊರಗೆ ಹೋದೆ. ಪಶುವೈದ್ಯರು, ಬ್ಯಾಂಕಿನ ನೌಕರರು, ಕೆರೆ ಹೂಳಿನ ಬಗ್ಗೆ ಬಂದ ಪುಸ್ತಕಕ್ಕೆ ನೀರಗಂಟಿಯ ಕೆಲಸ ಮಾಡಿದ್ದ ಒಬ್ಬರು, ಹೀಗೆ. ಅವರಿಗೆ ‘ಆಶಯ’ ಎಂಬ ಮಾತು ಬರುತ್ತಿರಲಿಲ್ಲ. ‘ಇಲ್ಲಿ ಇವರು ಸುಳ್ಳು ಹೇಳಿದ್ದಾರೆ ಸಾರ್, ತೂಬು ಹಾಗೆ ಎತ್ತೋದಿಲ್ಲ’ ಎಂಬ ಮಾತು ಬರುತ್ತಿತ್ತು.

ಲಿಖಿತ ಪ್ರತಿಯ ವಿಷಯದಲ್ಲಿ ನನ್ನ ಮೇಲಧಿಕಾರಿಗಳೊಂದಿಗೆ ಒಂದು ರಾಜಿಗೆ ಬರಬೇಕಾಯಿತು. ಭಾಷಣದ ಬದಲು ನಡೆಸುವ ಸಂವಾದಕ್ಕೆ ಬರಹವಿರುವುದಿಲ್ಲ, ಆದರೆ ಏನೇನು ಮಾತನಾಡುತ್ತೇವೆ ಎಂಬ ಅಂಶಗಳ ಪಟ್ಟಿ ಇರುತ್ತದೆ. ನೇರ ಪ್ರಸಾರವಿಲ್ಲ, ಧ್ವನಿಮುದ್ರಿಸಿ ಕೇಳಿದ ಮೇಲೆಯೇ ಪ್ರಸಾರ. ಅವರ ಭಯ ಅಕಾರಣವಾದುದೇನೂ ಅಲ್ಲ. ಸಾರ್ವಜನಿಕ ಮಾಧ್ಯಮದಲ್ಲಿ ಒಬ್ಬರ ಬಾಯಿಂದ ಜಾರಿದ ಮಾತಿಗೆ ಸಹಿ ಹಾಕಿದವರು ಉತ್ತರ ಕೊಡಬೇಕಾಗುತ್ತದೆ. ಬಂದವರು ಪಟ್ಟಿಯ ಜೊತೆಗೆ ಗುಟ್ಟಾಗಿ ಪೂರ್ತಿ ಪ್ರಬಂಧವನ್ನೂ ಬರೆದುಕೊಂಡು ಬರುತ್ತಿದ್ದರು ಎಂಬುದು ಬೇರೆ ಮಾತು. ಒಬ್ಬರು ಹದಿನಾಲ್ಕು ಪುಟ ತಂದಿದ್ದರು. ಅದನ್ನು ಅವರಿಂದ ಸೌಜನ್ಯಕ್ಕೆ ಕುಂದು ಬಾರದಂತೆ ಇಸಿದುಕೊಳ್ಳಲು ನಾನು ಕಂಡುಕೊಂಡ ಉಪಾಯವೆಂದರೆ, ‘ಸರ್, ಕಾಗದದ ಸದ್ದು ಮೈಕಿಗೆ ಬೀಳುತ್ತದೆ’ ಎನ್ನುವುದು. ಇದು ಸುಳ್ಳೂ ಅಲ್ಲ. ಪುಟ ಮಗುಚುವ ಸದ್ದು ಮೈಕಿನಲ್ಲಿ ತಗಡು ಬಾಗಿಸಿದ ಹಾಗೆ ಕೇಳುತ್ತದೆ.

ಕೆಲವು ಮಾತುಗಳಿಗೆ ನಾನು ಬಾಗಿಲು ಹಾಕಿದ್ದೆ. ‘ಸಾರಸ್ವತ ಲೋಕಕ್ಕೆ ಅಮೂಲ್ಯ ಕೊಡುಗೆ’, ‘ಸಂಗ್ರಹಯೋಗ್ಯ’, ‘ಓದುಗರನ್ನು ಸೆರೆಹಿಡಿಯುತ್ತದೆ’, ‘ಇವರಿಂದ ಇನ್ನಷ್ಟು ಕೃತಿಗಳು ಬರಲಿ’. ಧ್ವನಿಮುದ್ರಣಕ್ಕೆ ಮೊದಲು ಚಹಾ ಕುಡಿಯುತ್ತ ಈ ಪಟ್ಟಿಯನ್ನು ನಗುನಗುತ್ತ ಹೇಳಿಬಿಡುತ್ತಿದ್ದೆ. ಮೊದಲ ಸಲ ಕೇಳಿದವರು ಸ್ವಲ್ಪ ಹೊತ್ತು ಮೌನವಾಗುತ್ತಿದ್ದರು, ಏಕೆಂದರೆ ಅವರ ಮಾತಿನ ಕಾಲುಭಾಗ ಅಲ್ಲಿಗೆ ಹೋಗಿರುತ್ತಿತ್ತು.

ಇನ್ನು ಓದಿನ ವಿಷಯ. ಕಾರ್ಯಕ್ರಮದ ಜೀವವೇ ಇದು ಎಂದು ನಾನು ತಿಳಿದಿದ್ದೇನೆ. ಕೇಳುಗನ ಕೈಯಲ್ಲಿ ಪುಸ್ತಕವಿಲ್ಲವೆಂದ ಮೇಲೆ ಪುಸ್ತಕದ ಒಂದು ತುಂಡನ್ನಾದರೂ ಅವನ ಕಿವಿಗೆ ಹಾಕಬೇಕು, ಅದೂ ಅದರ ಬಗ್ಗೆ ಯಾರಾದರೂ ಅಭಿಪ್ರಾಯ ಹೇಳುವ ಮೊದಲು. ಒಂದು ನಿಮಿಷಕ್ಕೆ ನನ್ನ ಓದು ಸುಮಾರು ನೂರು ಪದಗಳಷ್ಟು ಸಾಗುತ್ತದೆ. ಎರಡು ನಿಮಿಷದ ಓದಿಗೆ ಇನ್ನೂರು ಪದಗಳ ಭಾಗ ಬೇಕು. ಮುನ್ನೂರು ಪುಟದ ಕಾದಂಬರಿಯಲ್ಲಿ ಆ ಇನ್ನೂರು ಪದಗಳನ್ನು ಹುಡುಕಲು ನನಗೆ ಒಂದು ವಾರ ಹಿಡಿಯುತ್ತಿತ್ತು. ಆರಂಭದ ಪುಟವನ್ನು ನಾನು ಆರಿಸುತ್ತಿರಲಿಲ್ಲ, ಏಕೆಂದರೆ ನಮ್ಮ ಕಾದಂಬರಿಗಳ ಆರಂಭದಲ್ಲಿ ಬಹಳ ಸಲ ಊರಿನ ವರ್ಣನೆಯಿರುತ್ತದೆ, ಅದು ಕಣ್ಣಿಗೆ ಬರೆದದ್ದು. ಮೂರಕ್ಕಿಂತ ಹೆಚ್ಚು ಹೆಸರುಗಳಿರುವ ಭಾಗ ಬೇಡ. ಕೇಳುವವನಿಗೆ ಶಂಕ್ರಪ್ಪ ಯಾರು, ಶಿವಪ್ಪ ಯಾರು ಎಂದು ತಿಳಿಯುವಷ್ಟರಲ್ಲಿ ಓದು ಮುಗಿದಿರುತ್ತದೆ. ‘ಅವನು’, ‘ಅವಳು’ ಎಂದು ಮಾತ್ರ ಇದ್ದರೆ ಲೇಖಕರ ಒಪ್ಪಿಗೆ ಪಡೆದು ಒಂದೆರಡು ಕಡೆ ಹೆಸರು ಸೇರಿಸುತ್ತಿದ್ದೆ. ಯಾರಾದರೂ ಕೈಯಾರೆ ಏನಾದರೂ ಮಾಡುತ್ತಿರುವ ಭಾಗ ಸಿಕ್ಕರೆ ಅದಕ್ಕೆ ಮೊದಲ ಆದ್ಯತೆ. ಬಾವಿಯಿಂದ ನೀರು ಸೇದುವುದು, ಹೆಣಕ್ಕೆ ಚಟ್ಟ ಕಟ್ಟುವುದು, ಲೆಕ್ಕದ ಪುಸ್ತಕದಲ್ಲಿ ಬಾಕಿ ಹೊಡೆದುಹಾಕುವುದು, ಇಂಥವು ಕಿವಿಯಲ್ಲಿ ನಿಲ್ಲುತ್ತವೆ. ಮನಸ್ಸಿನ ತುಮುಲ ಎಷ್ಟೇ ಚೆನ್ನಾಗಿ ಬರೆದಿದ್ದರೂ ಎರಡು ನಿಮಿಷದಲ್ಲಿ ಅದು ಹಬೆಯಂತೆ ಹೋಗಿಬಿಡುತ್ತದೆ.

ಕವಿತೆಯಾದರೆ ಎರಡು ಸಲ ಓದಿಸುತ್ತಿದ್ದೆ, ಮಾತಿಗೆ ಮೊದಲು ಒಮ್ಮೆ, ಮಾತೆಲ್ಲ ಮುಗಿದ ಮೇಲೆ ಇನ್ನೊಮ್ಮೆ. ಎರಡನೆಯ ಸಲ ಅದೇ ಕವಿತೆ ಬೇರೆಯಾಗಿ ಕೇಳುತ್ತದೆ. ಪುಟದ ಮೇಲೆ ಸಾಲು ಮುರಿದಿರುವುದು ಕಿವಿಗೆ ಕಾಣುವುದಿಲ್ಲವಾದ್ದರಿಂದ, ಸಾಲಿನ ಕೊನೆಯಲ್ಲಿ ಎಷ್ಟು ನಿಲ್ಲಬೇಕು ಎಂಬುದನ್ನು ಕವಿಗಳನ್ನೇ ಕೇಳುತ್ತಿದ್ದೆ. ‘ನಾನು ಹಾಗೇನೂ ಯೋಚಿಸಿರಲಿಲ್ಲ’ ಎಂದು ಒಪ್ಪಿಕೊಂಡ ಕವಿಗಳೂ ಇದ್ದಾರೆ.

ಓದುವವರು ಯಾರಾಗಬೇಕು? ಮೊದಮೊದಲು ನಮ್ಮ ನಾಟಕ ವಿಭಾಗದ ಕಲಾವಿದರನ್ನು ಕರೆಯುತ್ತಿದ್ದೆ. ಅವರ ಸ್ವರ ಚೆನ್ನ, ಉಚ್ಚಾರ ಶುದ್ಧ. ಆದರೆ ಕತೆಯ ಮುದುಕಿ ಅಳದೆ ಇರುವ ಜಾಗದಲ್ಲಿ ಅವರು ಅತ್ತುಬಿಡುತ್ತಿದ್ದರು. ಲೇಖಕರೇ ಓದಿದಾಗ ಸ್ವರ ಸಪ್ಪೆಯಾಗಿರುತ್ತದೆ, ಅಲ್ಲಲ್ಲಿ ಎಡವುತ್ತಾರೆ, ಉಗುಳು ನುಂಗುತ್ತಾರೆ. ಆದರೂ ಎಲ್ಲಿ ನಿಲ್ಲಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಹಾಗಾಗಿ ಲೇಖಕರೇ ಓದಲಿ ಎಂಬುದು ನಮ್ಮ ನಿಯಮವಾಯಿತು. ಸಭೆಗಳಲ್ಲಿ ಹಾಡಿ ಹಾಡಿ ರೂಢಿಯಾದ ಕೆಲವು ಕವಿಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಕೊಟ್ಟಿದ್ದೆ.

ಓದಿನ ಉದ್ದದ ಬಗ್ಗೆ ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ವಿಮರ್ಶೆಗಾಗಿ ಕೃತಿಯ ಭಾಗವನ್ನು ನ್ಯಾಯಯುತವಾಗಿ ಬಳಸಲು ಅವಕಾಶ ಕೊಡುತ್ತದೆ. ಆದರೂ ಪೂರ್ತಿ ಕವಿತೆಯೊಂದನ್ನೋ ನಾಲ್ಕೈದು ನಿಮಿಷದ ಗದ್ಯವನ್ನೋ ಓದಿಸುವಾಗ ಲೇಖಕರಿಂದಲೂ ಪ್ರಕಾಶಕರಿಂದಲೂ ಒಂದು ಸಾಲಿನ ಒಪ್ಪಿಗೆ ಪತ್ರ ತೆಗೆದುಕೊಂಡು ಕಡತಕ್ಕೆ ಸೇರಿಸುತ್ತಿದ್ದೆ. ಯಾರೂ ಎಂದೂ ಇಲ್ಲವೆನ್ನಲಿಲ್ಲ.

ಈಗ ಒಂದು ಧ್ವನಿಮುದ್ರಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತರಾದ ಒಬ್ಬ ತಾಯಿ ತಮ್ಮ ಮೊದಲ ಕಥಾಸಂಕಲನ ಪ್ರಕಟಿಸಿದ್ದರು. ಬಸ್ಸಿನಲ್ಲಿ ಮೂರು ತಾಸು ಪ್ರಯಾಣ ಮಾಡಿ ಮೊಮ್ಮಗನ ಜೊತೆ ನಿಲಯಕ್ಕೆ ಬಂದಿದ್ದರು. ಡ್ಯೂಟಿ ರೂಮಿನಲ್ಲಿ ಕೂತು ಅವರು ಊರಿನ ಸುದ್ದಿ ಹೇಳುತ್ತಿದ್ದಾಗ ನಾನು ಮನಸ್ಸಿನಲ್ಲೇ ಖುಷಿಪಟ್ಟೆ, ಕಾರ್ಯಕ್ರಮ ಗೆದ್ದಿತು ಎಂದು. ಸ್ಟುಡಿಯೋದ ಕೆಂಪು ದೀಪ ಹೊತ್ತಿಕೊಂಡಿತು, ನಾನು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ಬರೆಯಲು ಪ್ರೇರಣೆ ಏನು? ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ‘ಬಾಲ್ಯದಿಂದಲೂ ಸಾಹಿತ್ಯಾಸಕ್ತಳಾಗಿದ್ದ ನನಗೆ ಪೂಜ್ಯ ಗುರುಗಳ ಮಾರ್ಗದರ್ಶನವು ಲಭಿಸಿ...’ ಎಂದು ಶುರುಮಾಡಿದರು. ಡ್ಯೂಟಿ ರೂಮಿನ ಅಜ್ಜಿ ಎಲ್ಲಿಗೋ ಹೋಗಿಬಿಟ್ಟಿದ್ದರು. ತಪ್ಪು ನನ್ನದೇ. ಬಿಡುಗಡೆ ಸಮಾರಂಭದ ಪ್ರಶ್ನೆ ಕೇಳಿದರೆ ಬಿಡುಗಡೆ ಸಮಾರಂಭದ ಉತ್ತರವೇ ಬರುತ್ತದೆ.

ಹತ್ತು ನಿಮಿಷ ನಿಲ್ಲಿಸಿ ಚಹಾ ತರಿಸಿದೆ. ಅವರ ಒಂದು ಕತೆಯಲ್ಲಿ ಸೊಸೆಯೊಬ್ಬಳು ಅಡುಗೆಮನೆಯ ಹೊರಗೆ ನಿಂತು, ಒಳಗೆ ರೊಟ್ಟಿ ಬಡಿಯುತ್ತಿರುವವರು ಯಾರೆಂದು ಸದ್ದಿನಿಂದಲೇ ಗುರುತಿಸುತ್ತಾಳೆ. ಮತ್ತೆ ಕೂತಾಗ ಪುಸ್ತಕದ ಆ ಪುಟ ತೆಗೆದು, ‘ಅಮ್ಮಾ, ಇದು ನಿಜವಾಗಿಯೂ ಗೊತ್ತಾಗುತ್ತದೆಯೇ?’ ಎಂದು ಕೇಳಿದೆ. ಅವರು ನನ್ನ ಮುಖವನ್ನು, ಇವನಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡಿದರು. ‘ಗೊತ್ತಾಗದ ಏನ್ರೀ? ಒಬ್ಬೊಬ್ಬರ ಕೈದು ಒಂದೊಂದು ಸಪ್ಪಳ. ನಮ್ಮತ್ತಿ ಬಡದ್ರ ಮಳಿ ಬಂದಂಗ ಕೇಳತಿತ್ತು. ನಮ್ಮ ನೆಗೆಣ್ಣಿ ಬಡದ್ರ ಜಗಳಾ ಬಂದಂಗ.’ ಎಂದರು. ಹಾಗಾದರೆ ನಿಮ್ಮದು ಎಂದೆ. ಅವರು ಸುಮ್ಮನಾದರು. ಸ್ಟುಡಿಯೋದಲ್ಲಿ ಗಡಿಯಾರದ ಸೆಕೆಂಡ್ ಮುಳ್ಳು ಮಾತ್ರ ಓಡುತ್ತಿತ್ತು. ಆಮೇಲೆ, ‘ನನ್ನ ಕೈದು ನನಗ ಹೆಂಗ ಕೇಳಬೇಕ್ರಿ? ನಮ್ಮನಿಯವರು ಇದ್ದಿದ್ರ ಹೇಳತಿದ್ರು’ ಎಂದರು. ಧ್ವನಿಮುದ್ರಣ ಮುಗಿದ ಮೇಲೆ ಅವರಿಗೆ ಒಂದೇ ಚಿಂತೆ: ‘ರೊಟ್ಟಿ ಮಾತ ಹಾಕತೀರೇನು? ಶಾಲಿ ಮಕ್ಕಳು ಕೇಳಿದ್ರ ನಗತಾರ.’ ಹಾಕುವುದಕ್ಕೆ ಅವರಿಂದ ಒಪ್ಪಿಗೆ ಪಡೆದೇ ಕಳಿಸಿದೆ.

ಆಗ ನಮ್ಮದು ಸ್ಪೂಲ್ ಟೇಪಿನ ಕಾಲ. ಟೇಪು ಸೆಕೆಂಡಿಗೆ ಏಳೂವರೆ ಇಂಚಿನಂತೆ ಓಡುತ್ತಿತ್ತು, 1200 ಅಡಿಯ ಸ್ಪೂಲು 32 ನಿಮಿಷ ಬರುತ್ತಿತ್ತು. ಒಂದು ಸೆಕೆಂಡ್ ಎಂದರೆ ಹೆಚ್ಚುಕಡಿಮೆ ಒಂದು ಗೇಣು ಎಂದು ನಾವು ಕೈಯಿಂದಲೇ ಅಳೆಯುತ್ತಿದ್ದೆವು. ಡಬ್ಬಿಂಗ್ ರೂಮಿನಲ್ಲಿ ಕೂತು, ಸ್ಪೂಲನ್ನು ಎರಡೂ ಕೈಯಿಂದ ಹಿಂದೆ ಮುಂದೆ ತಿರುಗಿಸುತ್ತ ಮಾತು ಶುರುವಾಗುವ ಜಾಗ ಹಿಡಿದು, ಟೇಪಿನ ಬೆನ್ನ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಕೂಡಿಸಬೇಕು. ನೆಟ್ಟಗೆ ಕತ್ತರಿಸಿದರೆ ಕೂಡಿದ ಜಾಗದಲ್ಲಿ ‘ಟಕ್’ ಎಂದು ಸದ್ದು ಬರುತ್ತದೆ, ಓರೆಯಾಗಿ ಕತ್ತರಿಸಿದರೆ ಒಂದರೊಳಗೊಂದು ಜಾರಿಹೋಗುತ್ತದೆ. ಕತ್ತರಿಸಿದ ತುಂಡುಗಳನ್ನು ಕೊರಳಿಗೆ ಮಾಲೆಯಂತೆ ಹಾಕಿಕೊಳ್ಳುವುದು ನನ್ನ ರೂಢಿ.

ಆ ತಾಯಿಯ ಮೌನ ನಾಲ್ಕು ಸೆಕೆಂಡ್ ಇತ್ತು, ಮೂವತ್ತು ಇಂಚು. ಕಾರ್ಯಕ್ರಮ ಅವಧಿಗಿಂತ ಇಪ್ಪತ್ತು ಸೆಕೆಂಡ್ ಉದ್ದವಾಗಿತ್ತು, ಮೌನ ಸುಲಭಕ್ಕೆ ಸಿಕ್ಕಿತು, ಕತ್ತರಿಸಿಬಿಟ್ಟೆ. ಮತ್ತೆ ಹಾಕಿ ಕೇಳಿದಾಗ ಉತ್ತರ ತಟ್ಟನೆ ಬಂತು, ಮೊದಲೇ ಬಾಯಿಪಾಠ ಮಾಡಿಕೊಂಡು ಬಂದ ಮಾತಿನಂತೆ. ಗಂಡನನ್ನು ನೆನೆಯಲು ಅವರು ತೆಗೆದುಕೊಂಡ ಹೊತ್ತನ್ನೇ ನಾನು ತೆಗೆದುಹಾಕಿದ್ದೆ. ಕೊರಳಿನಲ್ಲಿದ್ದ ತುಂಡುಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಮೌನದ ತುಂಡು ಮಾತಿನ ತುಂಡಿನಂತೆಯೇ ಕಾಣುತ್ತದೆ, ಕಂದು ಬಣ್ಣದ ಪಟ್ಟಿ, ಅಷ್ಟೇ. ಕೊನೆಗೆ ಮೂವತ್ತು ಇಂಚನ್ನು ಸ್ಕೇಲಿನಿಂದ ಅಳೆದು, ಅನುಮಾನವಿದ್ದ ಮೂರು ತುಂಡುಗಳನ್ನು ಯಂತ್ರಕ್ಕೆ ಹಾಕಿ ಕೇಳಿ, ಸರಿಯಾದುದನ್ನು ವಾಪಸ್ಸು ಅಂಟಿಸಿದೆ. ಸ್ಟುಡಿಯೋದ ಬೇರೆ ಮೌನವನ್ನು ಅಲ್ಲಿ ಹಾಕಬಹುದಿತ್ತಲ್ಲ ಎಂದು ನಮ್ಮ ಇಂಜಿನಿಯರ್ ಗೆಳೆಯರು ನಕ್ಕರು. ಹಾಕಬಹುದಿತ್ತು, ಆದರೆ ಆ ಮೌನದಲ್ಲಿ ಅವರ ಉಸಿರಿತ್ತು, ಬಳೆ ಒಮ್ಮೆ ಮೇಜಿಗೆ ತಾಗಿದ ಸಣ್ಣ ಸದ್ದೂ ಇತ್ತು. ಇಪ್ಪತ್ತು ಸೆಕೆಂಡನ್ನು ನನ್ನ ಪ್ರಶ್ನೆಗಳಲ್ಲಿ ಕಡಿತ ಮಾಡಿ ಸರಿದೂಗಿಸಿದೆ. ಪ್ರಶ್ನೆ ಕೇಳುವವರ ಮಾತಿನಲ್ಲಿ ಕತ್ತರಿಸಲು ಯಾವಾಗಲೂ ಸಾಕಷ್ಟು ಸಿಗುತ್ತದೆ.

ಬಳೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಗಾಜಿನ ಬಳೆ ತೊಟ್ಟವರಿಗೆ ಅದನ್ನು ತೆಗೆಯಿರಿ ಎಂದು ನಾವು ಎಂದೂ ಹೇಳುತ್ತಿರಲಿಲ್ಲ. ಒಂದು ಕರವಸ್ತ್ರ ಕೊಟ್ಟು ಬಳೆಗಳ ಮೇಲೆ ಸುತ್ತಿಕೊಳ್ಳಲು ಹೇಳುತ್ತಿದ್ದೆವು. ಗಂಜಿ ಹಾಕಿದ ಹತ್ತಿಯ ಸೀರೆ, ಜುಬ್ಬಾಗಳು ರೇಷ್ಮೆಗಿಂತ ಹೆಚ್ಚು ಸದ್ದು ಮಾಡುತ್ತವೆ. ಮಹಾಪ್ರಾಣಗಳನ್ನು ಸ್ಪಷ್ಟವಾಗಿ ಉಚ್ಚರಿಸುವ ಪಂಡಿತರು ‘ಭಾವ’, ‘ಫಲ’ ಎಂದಾಗ ಗಾಳಿ ನೇರವಾಗಿ ಮೈಕಿಗೆ ಬಡಿದು ಢಬ್ ಎನ್ನುತ್ತದೆ. ಅಂಥವರಿಗೆ ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಓರೆಯಾಗಿ ಇಡಬೇಕು. ಓದುವ ಭಾಗವನ್ನು ಪುಸ್ತಕದಿಂದಲೇ ಓದಿಸದೆ ದೊಡ್ಡ ಅಕ್ಷರದಲ್ಲಿ ಬಿಡಿ ಹಾಳೆಗಳ ಮೇಲೆ ಬರೆಸಿ, ಮುಗಿದ ಹಾಳೆಯನ್ನು ಮಗುಚದೆ ಪಕ್ಕಕ್ಕೆ ಸರಿಸುವಂತೆ ಹೇಳುತ್ತಿದ್ದೆವು.

ನನ್ನ ಲೆಕ್ಕದಲ್ಲಿ ಸೋತ ಕಾರ್ಯಕ್ರಮಗಳೂ ಸಾಕಷ್ಟಿವೆ. ಒಂದನ್ನು ಮಾತ್ರ ಹೇಳುತ್ತೇನೆ, ಅದು ಇಂದಿಗೂ ನೋಯುತ್ತದೆ. ಒಬ್ಬ ಯುವಕ ತನ್ನ ಮೊದಲ ಕವನಸಂಕಲನ ಕಳಿಸಿದ್ದ. ಒಳ್ಳೆಯ ಹೆಸರಿದ್ದ ವಿಮರ್ಶಕರೊಬ್ಬರನ್ನು ಕರೆದೆ. ಅವರು ಎಂಟು ನಿಮಿಷ ಆ ಪುಸ್ತಕವನ್ನು ತರಗೆಲೆಯಂತೆ ಪುಡಿ ಮಾಡಿದರು. ಮಾತು ಚುರುಕಾಗಿತ್ತು, ಅಲ್ಲಲ್ಲಿ ನಗೆಯೂ ಇತ್ತು, ನಾನು ಹಾಗೆಯೇ ಪ್ರಸಾರಕ್ಕೆ ಕಳಿಸಿದೆ. ಪ್ರಸಾರದ ದಿನಾಂಕವನ್ನು ವಾಡಿಕೆಯಂತೆ ಕವಿಗೂ ತಿಳಿಸಿದ್ದೆವು. ಕೆಲವು ದಿನಗಳ ಮೇಲೆ ಆತ ನಿಲಯಕ್ಕೆ ಬಂದ, ಜಗಳಕ್ಕಲ್ಲ, ತನ್ನ ಪುಸ್ತಕದ ಎರಡನೆಯ ಪ್ರತಿ ವಾಪಸ್ಸು ಸಿಗುತ್ತದೆಯೇ ಎಂದು ಕೇಳಲು. ಆ ದಿನ ಮನೆಯವರೆಲ್ಲ, ಅಕ್ಕಪಕ್ಕದವರೂ ಸೇರಿ ರೇಡಿಯೋದ ಸುತ್ತ ಕೂತಿದ್ದರಂತೆ. ಅರ್ಧದಲ್ಲಿ ಆತನ ತಾಯಿ, ‘ಯಾರಿಗೋ ಬೈತಾ ಇದಾರಲ್ಲ, ಯಾರಿಗಪ್ಪಾ?’ ಎಂದು ಕೇಳಿದರಂತೆ.

ಕಟುವಾದ ವಿಮರ್ಶೆ ಬಾರದು ಎಂದು ನಾನು ಆಗಲೂ ಎಣಿಸಲಿಲ್ಲ, ಈಗಲೂ ಎಣಿಸುವುದಿಲ್ಲ. ಹೊಗಳಿಕೆಯೇ ಸಾಕೆನಿಸಿದ್ದರೆ ಕನ್ನಡದಲ್ಲಿ ಅದಕ್ಕೆ ವೇದಿಕೆಗಳ ಬರವಿಲ್ಲ. ನನ್ನ ತಪ್ಪು ಬೇರೆ ಕಡೆ ಇತ್ತು. ಆ ಎಂಟು ನಿಮಿಷಗಳಲ್ಲಿ ಆ ಪುಸ್ತಕದ ಒಂದು ಕವಿತೆಯನ್ನೂ ಪೂರ್ತಿ ಓದಿರಲಿಲ್ಲ. ಗೇಲಿಗೆ ಒದಗುವ ಬಿಡಿ ಸಾಲುಗಳು ಮಾತ್ರ ಬಂದಿದ್ದವು. ಪತ್ರಿಕೆಯ ಓದುಗನಾದರೆ ಅನುಮಾನ ಬಂದಾಗ ಪುಸ್ತಕ ತೆಗೆದು ನೋಡಿ ವಿಮರ್ಶಕನ ಜೊತೆ ಜಗಳವಾಡಬಹುದು. ನಮ್ಮ ಕೇಳುಗನಿಗೆ ಆ ದಾರಿಯಿಲ್ಲ, ನಾವು ಕೇಳಿಸಿದಷ್ಟೇ ಅವನಿಗೆ ಪುಸ್ತಕ. ಅಂದಿನಿಂದ ಟೀಕೆ ಮಾಡುವವರಿಗೆ ಒಂದು ಷರತ್ತು ಹಾಕಿದೆ: ಯಾವುದು ಸರಿಯಿಲ್ಲವೋ ಅದನ್ನು ಮೊದಲು ಇಡಿಯಾಗಿ ಓದಬೇಕು, ಅದೂ ಗೇಲಿಯ ದನಿಯಲ್ಲಲ್ಲ, ಆಮೇಲೆ ಎಷ್ಟು ಬೇಕಾದರೂ ಬೈಯಬಹುದು. ಈ ಷರತ್ತಿಗೆ ಒಪ್ಪಿದ ಒಬ್ಬರು, ಕವಿತೆಯನ್ನು ಮೈಕಿನ ಮುಂದೆ ಗಟ್ಟಿಯಾಗಿ ಓದಿ ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಬರೆದುಕೊಂಡು ಬಂದ ಒಂದು ಮಾತನ್ನು ಹಿಂತೆಗೆದುಕೊಳ್ಳುತ್ತೇನೆ’ ಎಂದದ್ದುಂಟು. ಅದನ್ನೂ ನಾನು ಹಾಗೆಯೇ ಪ್ರಸಾರ ಮಾಡಿದೆ.

ಪುಸ್ತಕದ ಹೆಸರನ್ನು ಕಾರ್ಯಕ್ರಮದಲ್ಲಿ ಎಷ್ಟು ಸಲ ಹೇಳಬೇಕೆಂಬ ಪ್ರಶ್ನೆಗೆ ದರ್ಜಿಯ ಕಾರ್ಡಿನ ನಂತರ ನಾನು ಇಟ್ಟುಕೊಂಡ ಲೆಕ್ಕ ಕನಿಷ್ಠ ಐದು ಸಲ. ಮೂರು ನಿಮಿಷಕ್ಕೊಮ್ಮೆ ಹೊಸ ಕೇಳುಗ ಬರುತ್ತಾನೆ ಎಂದು ಭಾವಿಸಿಕೊಂಡು, ಸಂವಾದದ ನಡುವೆ ಸಹಜವಾಗಿ ಹೆಸರು ಬರುವಂತೆ ಪ್ರಶ್ನೆ ಜೋಡಿಸುತ್ತಿದ್ದೆ. ‘ಈ ಕೃತಿ’, ‘ಸದರಿ ಸಂಕಲನ’ ಎಂಬ ಮಾತು ಬಂದಲ್ಲೆಲ್ಲ ಮಾತನಾಡುವವರನ್ನು ತಡೆದು ಹೆಸರು ಹೇಳಿಸುತ್ತಿದ್ದೆ. ಕೊನೆಯಲ್ಲಿ ಪ್ರಕಾಶಕರ ಊರು, ವಿಳಾಸ, ಪುಟ, ಬೆಲೆ ಇಷ್ಟನ್ನೂ ಎರಡು ಸಲ, ಬರೆದುಕೊಳ್ಳುವ ವೇಗದಲ್ಲಿ. ಬೆಲೆ ಹೇಳುವುದು ಜಾಹೀರಾತಾಗುವುದಿಲ್ಲವೇ ಎಂದು ಒಮ್ಮೆ ಆಕ್ಷೇಪ ಬಂತು. ತಾಲ್ಲೂಕು ಕೇಂದ್ರದಲ್ಲಿ ಪುಸ್ತಕದಂಗಡಿ ಎಂದರೆ ಪಠ್ಯಪುಸ್ತಕ, ನೋಟ್‌ಬುಕ್ಕಿನ ಅಂಗಡಿ. ಕತೆ ಕಾದಂಬರಿ ಬೇಕಾದವರು ಮನಿಯಾರ್ಡರ್ ಮಾಡಿ ತರಿಸಿಕೊಳ್ಳಬೇಕು, ಎಷ್ಟು ಮಾಡಬೇಕೆಂದು ತಿಳಿಯದಿದ್ದರೆ ಹೇಗೆ ಮಾಡುತ್ತಾರೆ ಎಂದು ನಾನು ವಾದಿಸಿದೆ. ಆಕ್ಷೇಪ ಅಲ್ಲಿಗೆ ನಿಂತಿತು.

ನಿವೃತ್ತಿಯ ನಂತರ ಈಗ ಕಾಲೇಜೊಂದರ ಸಮುದಾಯ ಬಾನುಲಿಯಲ್ಲಿ ಇದೇ ಕಾರ್ಯಕ್ರಮವನ್ನು ವಿದ್ಯಾರ್ಥಿಗಳ ಜೊತೆ ನಡೆಸುತ್ತಿದ್ದೇನೆ. ಐವತ್ತು ವಾಟಿನ ಪ್ರೇಷಕ, ಊರು ದಾಟಿ ಹತ್ತು ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ಆದರೆ ಲೇಖಕರು ಈಗ ಬಸ್ಸು ಹತ್ತಿ ಬರಬೇಕಾಗಿಲ್ಲ. ಅವರವರ ಮನೆಯಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳಿಸುತ್ತಾರೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಕೂರಿ, ಫ್ಯಾನು ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಓರೆಯಾಗಿ ಹಿಡಿಯಿರಿ ಎಂದು ಹೇಳಿಕೊಡುತ್ತೇವೆ. ಗೋಡೆಯ ಮಾರ್ದನಿಯನ್ನು ಸೀರೆ ಅಂಗಿಗಳು ಹೀರಿಕೊಳ್ಳುತ್ತವೆ, ಸ್ಟುಡಿಯೋಗೆ ಹೆಚ್ಚುಕಡಿಮೆ ಸಮನಾದ ಧ್ವನಿ ಬರುತ್ತದೆ. ಮಾತು ಶುರುಮಾಡುವ ಮೊದಲು ಅರ್ಧ ನಿಮಿಷ ಸುಮ್ಮನೆ ಕೂತು ಆ ಕೋಣೆಯ ಮೌನವನ್ನೂ ಮುದ್ರಿಸಲು ಹೇಳುತ್ತೇವೆ, ಜೋಡಣೆಯ ವೇಳೆ ಅದು ಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ ಮೌನ ಕಣ್ಣಿಗೆ ಕಾಣುತ್ತದೆ. ಮಾತು ಗುಡ್ಡದಂತೆ ಎದ್ದಿರುತ್ತದೆ, ಮೌನ ಒಂದು ಗೆರೆಯಾಗಿ ಮಲಗಿರುತ್ತದೆ, ಒಂದು ಗುಂಡಿ ಒತ್ತಿದರೆ ತಂತ್ರಾಂಶ ಎಲ್ಲ ಗೆರೆಗಳನ್ನೂ ತಾನೇ ಮೊಟಕು ಮಾಡಿಬಿಡುತ್ತದೆ. ನಮ್ಮ ಹುಡುಗರಿಗೆ ಆ ಗುಂಡಿಯ ಮೇಲೆ ಬಹಳ ಪ್ರೀತಿ. ಅದನ್ನು ಒತ್ತಬೇಡಿ ಎಂದು ನಾನು ಹೇಳುವುದಿಲ್ಲ. ಒತ್ತುವ ಮೊದಲು ಒಮ್ಮೆ, ಒತ್ತಿದ ಮೇಲೆ ಒಮ್ಮೆ, ಪರದೆಯಿಂದ ಮುಖ ತಿರುಗಿಸಿ ಕೇಳಿ ಎನ್ನುತ್ತೇನೆ. ಮುಖ ತಿರುಗಿಸುವುದು ಮುಖ್ಯ, ಏಕೆಂದರೆ ಕೇಳುವವನ ಮುಂದೆ ಆ ಗುಡ್ಡಗಳೂ ಇರುವುದಿಲ್ಲ.

ಕಳೆದ ತಿಂಗಳು ಜೋಡಣೆ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕಾರ್ಯಕ್ರಮದ ಕೊನೆಯಲ್ಲಿ, ಪುಸ್ತಕದ ಬೆಲೆ ವಿಳಾಸಗಳನ್ನು ಮೊದಲ ಸಲ ಹೇಳಿದ್ದಕ್ಕೂ ಎರಡನೆಯ ಸಲ ಹೇಳಿದ್ದಕ್ಕೂ ನಡುವೆ ನಾನು ಹಾಕಿಸಿದ್ದ ಎಂಟು ಸೆಕೆಂಡಿನ ವೀಣೆಯ ತುಣುಕನ್ನು ತೆಗೆದುಹಾಕಿದ್ದಳು. ಈಗ ಎಲ್ಲರೂ ಫೋನಿನಲ್ಲೇ ಹುಡುಕಿಕೊಳ್ಳುತ್ತಾರಲ್ಲ ಸರ್, ಇದು ಯಾತಕ್ಕೆ ಎಂದು ಕೇಳಿದಳು. ಅದು ಪೆನ್ನು ಹುಡುಕುವುದಕ್ಕಮ್ಮ ಎಂದೆ. ಅವಳು ನಕ್ಕು, ನಮ್ಮ ಮನೆಯಲ್ಲಿ ಪೆನ್ನು ಸಿಗಲು ಎಂಟು ಸೆಕೆಂಡ್ ಸಾಲದು ಎಂದು ಹೇಳಿ ವೀಣೆಯನ್ನು ಹನ್ನೆರಡು ಸೆಕೆಂಡಿಗೆ ಎಳೆದಳು.